ಎರಡು ಮಹಾನದಿ ಸೇರುವ ಊರು ಖಾಲಿಯಾಗಿದ್ದು ಯಾಕೆ?

ಓದುಗರ ಪ್ರಶ್ನೆ: ಅಮೆರಿಕದ ನಕ್ಷೆಯಲ್ಲಿ ಮಿಸ್ಸಿಸಿಪ್ಪಿ ಮತ್ತು ಒಹಾಯೊ ನದಿಗಳು ಸೇರುವ ಕಡೆ ಕೈರೋ ಅನ್ನುವ ಊರು ಇದೆ. ಅಂಥ ಜಾಗದಲ್ಲಿ ದೊಡ್ಡ ನಗರವೇ ಬೆಳೆಯಬೇಕಿತ್ತು ಅಲ್ವಾ? ಈಗ ಅಲ್ಲಿ ಎರಡು ಸಾವಿರ ಜನವೂ ಇಲ್ಲವಂತೆ. ಪ್ರವಾಹಕ್ಕೆ ಹೆದರಿ ಬಿಟ್ಟು ಹೋದರಾ?

ಉತ್ತರ: ಪ್ರವಾಹಕ್ಕೆ ಹೆದರಿ ಹೋಗಲಿಲ್ಲ. ಸುಮಾರು ನೂರು ವರ್ಷದಿಂದ ಬಂದ ದೊಡ್ಡ ದೊಡ್ಡ ಪ್ರವಾಹಗಳನ್ನು ಈ ಊರಿನ ಒಡ್ಡು ತಡೆದು ನಿಲ್ಲಿಸಿದೆ. ಊರು ಖಾಲಿಯಾಗಲು ಕಾರಣ ಎರಡು: ಒಂದು ಸೇತುವೆಗಳು, ಇನ್ನೊಂದು ಜನಾಂಗದ್ವೇಷ. ನನ್ನನ್ನು ಕೇಳಿದರೆ ಎರಡನೆಯದರ ಪಾಲೇ ಜಾಸ್ತಿ.

ಮೊದಲು ಜಾಗ ನೋಡೋಣ. ಈ ಊರು ಇಲಿನಾಯ್ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿದೆ. ಅಲ್ಲಿಯವರು ಊರಿನ ಹೆಸರನ್ನು ‘ಕೇರೋ’ ಅಂತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಪೂರ್ವಕ್ಕೆ ಒಹಾಯೊ ನದಿ, ಅದರಾಚೆ ಕೆಂಟಕಿ. ಪಶ್ಚಿಮಕ್ಕೆ ಮಿಸ್ಸಿಸಿಪ್ಪಿ, ಅದರಾಚೆ ಮಿಸ್ಸೌರಿ. ಇಲಿನಾಯ್ ಅಂದರೆ ನಮಗೆ ಶಿಕಾಗೋದ ಹಿಮ ನೆನಪಾಗುತ್ತದೆ. ಕೇರೋ ಮಾತ್ರ ದಕ್ಷಿಣದ ರಾಜ್ಯವಾದ ವರ್ಜೀನಿಯಾದ ರಿಚ್ಮಂಡ್ ನಗರಕ್ಕಿಂತಲೂ ದಕ್ಷಿಣಕ್ಕಿದೆ. ಊರಿನ ನಡವಳಿಕೆಯೂ ದಕ್ಷಿಣದ್ದೇ ಆಗಿತ್ತು, ಅಂದರೆ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳ ಹಾಗೆ ಕಪ್ಪು ಜನರನ್ನು ಕೀಳಾಗಿ ಕಾಣುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಗಮದಲ್ಲಿ ಎರಡು ನದಿಯ ನೀರು ಕೂಡಲೇ ಬೆರೆಯುವುದಿಲ್ಲ. ಮಿಸ್ಸಿಸಿಪ್ಪಿಯ ಕಂದು ನೀರು ಒಂದು ಬದಿ, ಒಹಾಯೊದ ನೀರು ಇನ್ನೊಂದು ಬದಿ, ಸ್ವಲ್ಪ ದೂರ ಜೊತೆಜೊತೆಗೆ ಹರಿಯುತ್ತವೆ. ತಮಾಷೆ ಏನಂದರೆ, ಇಲ್ಲಿ ಸಾಮಾನ್ಯವಾಗಿ ಜಾಸ್ತಿ ನೀರು ತರುವುದು ಒಹಾಯೊ, ಹೆಸರು ಉಳಿದಿದ್ದು ಮಿಸ್ಸಿಸಿಪ್ಪಿಯದು.

ಈ ನೆಲ ಇಡೀ ರಾಜ್ಯದಲ್ಲೇ ತೀರಾ ತಗ್ಗು. ಊರಿನ ಸುತ್ತ ಎತ್ತರದ ಒಡ್ಡು, ಕೆಲವು ಕಡೆ ಕಾಂಕ್ರೀಟ್ ಗೋಡೆ. ಜನ ಇರುವುದು ಬಟ್ಟಲಿನ ತಳದಲ್ಲಿ ಇದ್ದಹಾಗೆ. ಉತ್ತರದಿಂದ ಊರೊಳಗೆ ಬರುವ ರಸ್ತೆ ಒಡ್ಡಿನ ಕೆಳಗಿನಿಂದ ತೂರಿ ಬರುತ್ತದೆ. ಅಲ್ಲಿ ತಲೆಯ ಮೇಲೆ ಒಂದು ಉಕ್ಕಿನ ಬಾಗಿಲು ನೇತಾಡುತ್ತಿರುತ್ತದೆ. ಅಗಲ 60 ಅಡಿ, ತೂಕ ಸುಮಾರು 80 ಟನ್. ನದಿ ಉಕ್ಕಿದರೆ ಅದನ್ನು ಕೆಳಗಿಳಿಸಿ ರಸ್ತೆಯನ್ನೇ ಮುಚ್ಚಬಹುದು. ಆದರೆ ನೀರಿಗೆ ಬಾಗಿಲೇ ಬೇಕು ಅಂತೇನಿಲ್ಲ. ತಳದಲ್ಲಿ ಮರಳು ಇರುವುದರಿಂದ, ಹೊರಗೆ ನದಿ ಏರಿದಾಗ ಒಳಗೆ ನೆಲದಿಂದಲೇ ನೀರು ಬುಗ್ಗೆಯಾಗಿ ಮರಳು ಸಮೇತ ಮೇಲೆ ಬರುತ್ತದೆ.

ಇಂಥ ಜಾಗದಲ್ಲಿ ಊರು ಯಾಕೆ ಕಟ್ಟಿದರು ಅಂತ ಕೇಳಬಹುದು. ದುಡ್ಡು ಮಾಡಲು. 1837ರಲ್ಲಿ ಒಂದು ಕಂಪನಿ ಇಲ್ಲಿ ಮಹಾನಗರ ಎದ್ದೇಳುತ್ತದೆ ಅಂತ ಹೇಳಿ ಲಂಡನ್‌ನವರೆಗೂ ಬಾಂಡ್ ಮಾರಿತು. ಕೆಲವೇ ವರ್ಷದಲ್ಲಿ ಆ ಕಂಪನಿಯೇ ಕುಸಿದುಬಿತ್ತು. 1842ರಲ್ಲಿ ಈ ದಾರಿಯಲ್ಲಿ ಹೋದ ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್ ಊರನ್ನು ಬಾಯಿಗೆ ಬಂದಂತೆ ಬೈದು ಬರೆದ. ಊರಿಗೆ ನಿಜವಾಗಿ ಜೀವ ಬಂದಿದ್ದು 1850ರ ದಶಕದಲ್ಲಿ, ಶಿಕಾಗೋ ಕಡೆಯಿಂದ ರೈಲು ಬಂದಮೇಲೆ. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಉತ್ತರದ ಸೇನೆಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. 1861ರಲ್ಲಿ ಆ ಸೇನೆಯ ಜನರಲ್ ಯುಲಿಸಿಸ್ ಗ್ರಾಂಟ್ ಇಲ್ಲೇ ಠಾಣೆ ಹೂಡಿದ, ಮರುವರ್ಷ ಇಲ್ಲಿಂದಲೇ ಟೆನೆಸಿಯ ಕೋಟೆಗಳ ಮೇಲೆ ದಂಡೆತ್ತಿ ಹೋದ. ಆಮೇಲೆ ಅವನು ರಾಷ್ಟ್ರಪತಿಯೂ ಆದ.

ಯುದ್ಧ ಮುಗಿದಮೇಲೆ ದುಡ್ಡು ಹರಿಯಿತು. ಸ್ಟೀಮ್‌ಬೋಟ್, ರೈಲು, ಎರಡೂ ಇಲ್ಲಿ ನಿಲ್ಲಲೇಬೇಕಿತ್ತು. ರೈಲು ಬೋಗಿಗಳನ್ನು ದೋಣಿಗೆ ಹತ್ತಿಸಿ ನದಿ ದಾಟಿಸುತ್ತಿದ್ದರು. ಆ ಕೆಲಸಕ್ಕೆ ಕೂಲಿಗಳು, ಕೂಲಿಗಳಿಗೆ ಊಟ, ಕಾಯುವವರಿಗೆ ಹೋಟೆಲು. ಈಗಲೂ ನಿಂತಿರುವ ಮ್ಯಾಗ್ನೋಲಿಯಾ ಮ್ಯಾನರ್ ಅನ್ನುವ ದೊಡ್ಡ ಮನೆ ಆಗ ಹಿಟ್ಟಿನ ವ್ಯಾಪಾರಿಯೊಬ್ಬ ಕಟ್ಟಿಸಿದ್ದು.

ಊರಿನ ಲಾಭವೆಲ್ಲ ಇದ್ದಿದ್ದು ‘ಇಲ್ಲಿ ಇಳಿದು ದಾಟಬೇಕು’ ಅನ್ನುವುದರಲ್ಲಿ. 1889ರಲ್ಲಿ ಒಹಾಯೊ ಮೇಲೆ ರೈಲು ಸೇತುವೆ ಬಂತು. ರೈಲುಗಳು ಸೀದಾ ದಾಟಿ ಹೋದವು. 1929ರಲ್ಲಿ ಮಿಸ್ಸಿಸಿಪ್ಪಿಗೆ ರಸ್ತೆ ಸೇತುವೆ, 1930ರ ದಶಕದ ಕೊನೆಗೆ ಒಹಾಯೊಗೂ ಒಂದು. ದೋಣಿಯವರ ಕೆಲಸ ಹೋಯಿತು. 1978ರಲ್ಲಿ ಹೆದ್ದಾರಿಯ ಹೊಸ ಸೇತುವೆ ಊರನ್ನು ಬಳಸಿಕೊಂಡು ಹೋದಾಗ, ಊಟಕ್ಕೆ, ಪೆಟ್ರೋಲಿಗೆ ನಿಲ್ಲುವವರೂ ಕಡಿಮೆಯಾದರು.

ಆದರೆ ಸೇತುವೆ ಬಂದ ಊರುಗಳೆಲ್ಲ ಸತ್ತಿಲ್ಲವಲ್ಲ. ಮೊದಲ ಸೇತುವೆ ಬಂದಮೇಲೂ ಕೇರೋ ಬೆಳೆಯುತ್ತಲೇ ಇತ್ತು. 1920ರಲ್ಲಿ 15,203 ಜನ ಇದ್ದರು, ಅದೇ ಗರಿಷ್ಠ. 1940ರಲ್ಲೂ 14 ಸಾವಿರಕ್ಕಿಂತ ಜಾಸ್ತಿ. ದೊಡ್ಡ ಕುಸಿತ ಆಮೇಲಿನದು. 1950ರಲ್ಲಿ 12,123 ಇದ್ದಿದ್ದು 1970ರಲ್ಲಿ 6,277. ಇಪ್ಪತ್ತು ವರ್ಷದಲ್ಲಿ ಸುಮಾರು ಅರ್ಧ! ಇದಕ್ಕೆ ಉತ್ತರ ನದಿಯಲ್ಲಿ ಸಿಗುವುದಿಲ್ಲ, ಊರಿನ ಬೀದಿಯಲ್ಲಿ ಹುಡುಕಬೇಕು.

ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಸಾವಿರಾರು ಕಪ್ಪು ಜನ ಕೇರೋಗೆ ಬಂದಿದ್ದರು. ಹಲವರು ಇಲ್ಲೇ ನೆಲೆಯಾದರು. ಊರಿಗೆ ಅವರ ದುಡಿಮೆ ಬೇಕಿತ್ತು, ಅವರು ಬೇಕಿರಲಿಲ್ಲ. 1909ರ ನವೆಂಬರ್‌ನಲ್ಲಿ ವಿಲ್ ಜೇಮ್ಸ್ ಅನ್ನುವ ಕಪ್ಪು ವ್ಯಕ್ತಿಯ ಮೇಲೆ ಕೊಲೆ ಆರೋಪ ಬಂತು. ವಿಚಾರಣೆ ಇಲ್ಲ, ಏನೂ ಇಲ್ಲ. ಸಾವಿರಾರು ಜನ ಸೇರಿ, ಪೇಟೆಯಲ್ಲಿ ದೀಪಾಲಂಕಾರದ ಕಮಾನಿನ ಕೆಳಗೆ ಅವನನ್ನು ಕೊಂದರು. ಪತ್ರಕರ್ತೆ ಐಡಾ ಬಿ. ವೆಲ್ಸ್ ಊರಿಗೇ ಬಂದು ವಿಷಯ ಕಲೆಹಾಕಿ ರಾಜ್ಯಪಾಲರ ಮುಂದೆ ವಾದಿಸಿದರು. ಜೇಮ್ಸ್‌ನನ್ನು ರಕ್ಷಿಸದೆ ಹುದ್ದೆ ಕಳೆದುಕೊಂಡಿದ್ದ ಷೆರಿಫ್‌ಗೆ, ಅಂದರೆ ಅಲ್ಲಿಯ ಪೊಲೀಸ್ ಮುಖ್ಯಸ್ಥನಿಗೆ, ಅದು ಮರಳಿ ಸಿಗಲಿಲ್ಲ. ಆ ಕಾಲಕ್ಕೆ ಅದೇ ದೊಡ್ಡ ಗೆಲುವು.

1962ರಲ್ಲಿ ಊರಿನ ಈಜುಕೊಳಕ್ಕೆ ಕಪ್ಪು ಮಕ್ಕಳನ್ನು ಬಿಡುತ್ತಿರಲಿಲ್ಲ. ‘ಇದು ಖಾಸಗಿ ಕ್ಲಬ್’ ಅನ್ನುವ ನೆಪ. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಮುಂದೆ ಸಂಸದರಾದ ಜಾನ್ ಲೂಯಿಸ್ ಕೂಡ ಅಲ್ಲಿದ್ದರು. ಒಟ್ಟಿಗೆ ಈಜುವುದಕ್ಕಿಂತ ಕೊಳ ಮುಚ್ಚುವುದೇ ವಾಸಿ ಅಂತ ಬಿಳಿಯರು ತೀರ್ಮಾನಿಸಿದರು. ಆಮೇಲೆ ಅದನ್ನು ಕಾಂಕ್ರೀಟ್ ಸುರಿದು ತುಂಬಿಸಿದರು.

1967ರಲ್ಲಿ ರಜೆಗೆ ಬಂದಿದ್ದ 19 ವರ್ಷದ ಕಪ್ಪು ಸೈನಿಕ ರಾಬರ್ಟ್ ಹಂಟ್ ಪೊಲೀಸ್ ವಶದಲ್ಲಿ ಸತ್ತ. ಆತ್ಮಹತ್ಯೆ ಅಂದರು ಪೊಲೀಸರು, ಕಪ್ಪು ಜನ ನಂಬಲಿಲ್ಲ. ಬೆಂಕಿ ಬಿತ್ತು, ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೇನೆ ಬಂತು. ಬಿಳಿಯರು ಬಂದೂಕು ಹಿಡಿದು ಗಸ್ತು ತಿರುಗುವ ಪಡೆ ಕಟ್ಟಿದರು. ಹಾಕಿಕೊಂಡ ಬಿಳಿ ಹೆಲ್ಮೆಟ್‌ನಿಂದ ಅದಕ್ಕೆ ‘ವೈಟ್ ಹ್ಯಾಟ್ಸ್’ ಅಂತ ಹೆಸರಾಯಿತು. 1969ರಲ್ಲಿ ಪಾದ್ರಿ ಚಾರ್ಲ್ಸ್ ಕೋಯೆನ್ ಮುಂದಾಳಾಗಿ ಕಪ್ಪು ಜನ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಕೇಳಿದ್ದು ದೊಡ್ಡದೇನಲ್ಲ. ನಮ್ಮಿಂದ ವ್ಯಾಪಾರ ಮಾಡುತ್ತೀರಿ, ನಮ್ಮವರಿಗೆ ಕೆಲಸ ಕೊಡಿ, ಅಷ್ಟೇ. ಬಹಿಷ್ಕಾರ ವರ್ಷಗಟ್ಟಲೆ ನಡೆಯಿತು. ಕೌಂಟರಿನ ಹಿಂದೆ ಒಬ್ಬ ಕಪ್ಪು ಹುಡುಗಿಯನ್ನು ನಿಲ್ಲಿಸುವ ಬದಲು ಅಂಗಡಿಗೇ ಬೀಗ ಹಾಕಿ ಊರು ಬಿಟ್ಟವರಿದ್ದರು. ಮುಚ್ಚಿದ ಅಂಗಡಿ ಮತ್ತೆ ತೆರೆಯಲಿಲ್ಲ.

ಇನ್ನು 2011ರ ಪ್ರವಾಹ. ನೀರು 61 ಅಡಿ ದಾಟಿತು, ಗೋಡೆಯ ಎತ್ತರ 64. ಊರು ಖಾಲಿ ಮಾಡಿಸಿದರು. ಮೇ 2ರ ರಾತ್ರಿ ಸೇನೆಯ ಎಂಜಿನಿಯರ್‌ಗಳು ಎದುರು ದಡದ ಬರ್ಡ್ಸ್ ಪಾಯಿಂಟ್ ಒಡ್ಡನ್ನು ಸಿಡಿಸಿ, ಮಿಸ್ಸೌರಿಯ ಸುಮಾರು 1,30,000 ಎಕರೆ ಹೊಲಕ್ಕೆ ನೀರು ಬಿಟ್ಟರು. ಕೇರೋ ಉಳಿಯಿತು. ಆ ಹೊಲಗಳ ನಡುವೆ ಇದ್ದ ಪಿನ್‌ಹುಕ್ ಅನ್ನುವ ಕಪ್ಪು ಜನರ ಪುಟ್ಟ ಹಳ್ಳಿ ಉಳಿಯಲಿಲ್ಲ. ಅದಕ್ಕೆ ಮೊದಲು ಪತ್ರಕರ್ತರು ಮಿಸ್ಸೌರಿ ವಿಧಾನಸಭೆಯ ಸ್ಪೀಕರ್‌ರನ್ನು, ಹೊಲ ಮುಳುಗಬೇಕಾ, ಕೇರೋ ಮುಳುಗಬೇಕಾ ಅಂತ ಕೇಳಿದ್ದರು. ಕೇರೋ ಅಂದಿದ್ದರು ಅವರು. ಆಮೇಲೆ ಕ್ಷಮೆ ಕೇಳಿದರು ಬಿಡಿ.

ನೀರು ಇಳಿದಮೇಲೆ ಜನ ವಾಪಸ್ ಬಂದರು. ಅವರನ್ನು ಮತ್ತೆ ಎಬ್ಬಿಸಿದ್ದು ಸರ್ಕಾರಿ ವಸತಿ. ಎಲ್ಮ್‌ವುಡ್, ಮ್ಯಾಕ್‌ಬ್ರೈಡ್ ಅನ್ನುವ ಎರಡು ವಸತಿ ಸಮುಚ್ಚಯಗಳು ಇಲಿ, ಬೂಸ್ಟು, ಕೆಟ್ಟ ಹೀಟರ್‌ಗಳಿಂದ ಹಾಳಾಗಿದ್ದವು. ರಿಪೇರಿಗಿಂತ ಕೆಡವುವುದೇ ಲೇಸು ಅಂತ 2017ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಸುಮಾರು 400 ಮಂದಿ ಬೇರೆ ಮನೆ ಹುಡುಕಬೇಕಾಯಿತು. ಊರಲ್ಲಿ ಬಾಡಿಗೆಗೆ ಮನೆಗಳೇ ಇರಲಿಲ್ಲ, ಹಾಗಾಗಿ ಬಹಳ ಜನ ಊರನ್ನೇ ಬಿಟ್ಟರು. 2010ರಲ್ಲಿ 2,831 ಇದ್ದ ಜನಸಂಖ್ಯೆ 2020ಕ್ಕೆ 1,733 ಆಯಿತು. ಕೇರೋ ಇರುವ ಅಲೆಕ್ಸಾಂಡರ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆ ಹತ್ತು ವರ್ಷದಲ್ಲಿ ಶೇಕಡಾವಾರು ಲೆಕ್ಕದಲ್ಲಿ ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಜನರನ್ನು ಕಳೆದುಕೊಂಡ ಕೌಂಟಿ.

ಈಗ ಊರಲ್ಲಿ ಹತ್ತರಲ್ಲಿ ಏಳು ಮಂದಿ ಕಪ್ಪು ಜನ. ಸರಕು ಸಾಗಿಸುವ ಚಪ್ಪಟೆ ದೋಣಿಗಳಾದ ಬಾರ್ಜ್‌ಗಳ ಸಾಲು ಸಂಗಮದಲ್ಲಿ ಇವತ್ತಿಗೂ ದಂಡಿಯಾಗಿ ಓಡಾಡುತ್ತದೆ, ಊರಿಗೆ ಅದರಿಂದ ಸಿಗುವುದು ಕಡಿಮೆ. ಇದ್ದ ದಿನಸಿ ಅಂಗಡಿಯೂ ಮುಚ್ಚಿ, ಜನ ತರಕಾರಿಗೆ ಬೇರೆ ಊರಿಗೆ ಹೋಗುತ್ತಿದ್ದರು. 2023ರಲ್ಲಿ ಸರ್ಕಾರದ ನೆರವಿನಿಂದ ಊರವರದೇ ಒಂದು ಸಹಕಾರಿ ಅಂಗಡಿ ಶುರುವಾಯಿತು. ಮರುವರ್ಷವೇ ಅದು ಕಪಾಟು ತುಂಬಿಸಲು ಒದ್ದಾಡುತ್ತಿತ್ತು.