ನಾಳೆ ಎಷ್ಟು ಇಡ್ಲಿ?

ನಾಳೆ ಬೆಳಿಗ್ಗೆ ಎಷ್ಟು ಇಡ್ಲಿ ಬೇಕು ಅನ್ನೋದನ್ನು ದರ್ಶಿನಿಯ ಭಟ್ಟರು ಇವತ್ತು ಮಧ್ಯಾಹ್ನವೇ ತೀರ್ಮಾನಿಸಬೇಕು. ಬೇಳೆ ನೆನೆಯಬೇಕು, ಸಂಜೆ ರುಬ್ಬಬೇಕು, ರಾತ್ರಿಯಿಡೀ ಹಿಟ್ಟು ಹುಳಿ ಬರಬೇಕು. ಬೆಳಿಗ್ಗೆ ಮಳೆ ಸುರಿದು ಗಿರಾಕಿಗಳು ಬರದಿದ್ದರೆ ನೆನೆಸಿದ ಬೇಳೆ ಮತ್ತೆ ಡಬ್ಬ ಸೇರುವುದಿಲ್ಲ. ಉಳಿದ ಹಿಟ್ಟು ಮಾರನೇ ದಿನ ಪಡ್ಡು ಆಗಬಹುದು. ಬೆಂದ ಇಡ್ಲಿಗೆ ಆ ಯೋಗವೂ ಇಲ್ಲ, ಸೀದಾ ಹಸಿ ಕಸ.

ಬೆಂಗಳೂರಿನ ಕಸ ಬಹಳ ವರ್ಷ ಮಂಡೂರಿಗೆ ಹೋಗುತ್ತಿತ್ತು. ನಾತ ತಡೆಯಲಾರದೆ ಊರಿನವರು ಬೀದಿಗಿಳಿದ ಮೇಲೆ, 2014ರ ಕೊನೆಗೆ ಲಾರಿಗಳು ನಿಂತವು. ಹಸಿ ಕಸ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು ಅನ್ನುವುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜು. ಅದರಲ್ಲಿ ನೂರಕ್ಕೆ 28 ಪಾಲು ಹೋಟೆಲ್, ಕ್ಯಾಂಟೀನುಗಳದ್ದು. (60 ಪಾಲು ನಮ್ಮ ಮನೆಗಳದ್ದೇ, ಆ ಮಾತು ಬೇರೆ.)

ಲಂಡನ್‌ನಲ್ಲಿ 2013ರಲ್ಲಿ ಶುರುವಾದ ವಿನ್ನೋ ಕಂಪನಿ ಅಡುಗೆಮನೆಯ ಕಸದ ಡಬ್ಬಿಯ ಕೆಳಗೆ ತಕ್ಕಡಿ ಇಟ್ಟಿತು. ಆಮೇಲೆ ಮೇಲಕ್ಕೆ ಕ್ಯಾಮೆರಾನೂ ಬಂತು. ಬಿದ್ದದ್ದು ಅನ್ನವೋ ಪಲ್ಯವೋ ಅಂತ ಮೆಷಿನ್ ಲರ್ನಿಂಗ್, ಅಂದರೆ ಉದಾಹರಣೆ ನೋಡಿ ನೋಡಿ ಕಲಿಯುವ ಪ್ರೋಗ್ರಾಂ, ಗುರುತಿಸುತ್ತದೆ, ತಕ್ಕಡಿ ತೂಕ ಹೇಳುತ್ತದೆ. ಇದು ಚೆಲ್ಲಿದ ಮೇಲಿನ ಲೆಕ್ಕ. ಚೆಲ್ಲುವ ಮೊದಲೇ ಊಹಿಸುವುದು ಇನ್ನೊಂದು ಕೆಲಸ.

ಅದಕ್ಕೆ ಹಳೆಯ ಬಿಲ್ಲುಗಳು ಬೇಕು. ಜೊತೆಗೆ ವಾರ, ಹಬ್ಬ, ಮಳೆ, ಪಕ್ಕದ ಕಾಲೇಜಿನ ಪರೀಕ್ಷೆ. ಪ್ರೋಗ್ರಾಂ ಒಂದು ಊಹೆ ಮಾಡುತ್ತದೆ, ಆ ದಿನ ನಿಜವಾಗಿ ಎಷ್ಟು ಹೋಯಿತು ಅಂತ ನೋಡುತ್ತದೆ, ತಪ್ಪಿದಷ್ಟು ತಿದ್ದಿಕೊಳ್ಳುತ್ತದೆ. ಸಾವಿರಾರು ಸಲ ಹೀಗೇ. ಭಟ್ಟರು ಕಲಿತದ್ದೂ ಹೀಗೇ ಅಲ್ವಾ? ಒಳ್ಳೆಯ ಪ್ರೋಗ್ರಾಂ ಒಂದೇ ಸಂಖ್ಯೆ ಹೇಳಿ ಸುಮ್ಮನಾಗುವುದಿಲ್ಲ. ಬಹುಶಃ 300ರಿಂದ 420ರ ನಡುವೆ ಅನ್ನುತ್ತದೆ.

ಹಾಗಾದರೆ ಎಷ್ಟು ಬೇಯಿಸಬೇಕು? ಒಂದು ಇಡ್ಲಿ ಉಳಿದರೆ 5 ರೂಪಾಯಿ ನಷ್ಟ, ಒಂದು ಕಡಿಮೆ ಬಿದ್ದರೆ 15 ರೂಪಾಯಿ ನಷ್ಟ ಅಂದುಕೊಳ್ಳಿ. ಎರಡೂ ಸೇರಿದ 20ರಲ್ಲಿ 15 ಅಂದರೆ ನೂರಕ್ಕೆ 75. ಆಗ ಲೆಕ್ಕದ ಪ್ರಕಾರ ನೂರರಲ್ಲಿ 75 ದಿನ ಸಾಕಾಗುವಷ್ಟು ಮಾಡುವುದು ಲಾಭ. ಅಂದರೆ ಹೆಚ್ಚಿನ ದಿನ ಒಂದಿಷ್ಟು ಉಳಿದೇ ಉಳಿಯುತ್ತದೆ! ಯಂತ್ರ ತಪ್ಪು ಮಾಡಿಲ್ಲ, ಮಾಲೀಕರು ಕೊಟ್ಟ ಬೆಲೆಗೆ ಸರಿಯಾಗಿಯೇ ಉತ್ತರ ಕೊಟ್ಟಿದೆ. ಕಸ ಎಸೆಯುವುದು ಪುಕ್ಕಟೆಯಾದರೆ ಯಂತ್ರ ಮಂಡೂರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಸ ಸಾಗಿಸಿ ಗೊಬ್ಬರ ಮಾಡುವ ಖರ್ಚು ಸೇರಿ ಉಳಿದ ಇಡ್ಲಿಗೆ 10 ರೂಪಾಯಿ ನಷ್ಟವಾದರೆ, 75ರ ಜಾಗದಲ್ಲಿ 60 ಬರುತ್ತದೆ. ಹಿಟ್ಟೂ ಕಡಿಮೆ, ಕಸವೂ ಕಡಿಮೆ. ಹೊಸ ಯಂತ್ರವೇನೂ ಬೇಕಾಗಲಿಲ್ಲ. ನಗರಪಾಲಿಕೆಯ ಕಸದ ದರವೇ ಇಲ್ಲಿ ದೊಡ್ಡ ಬುದ್ಧಿವಂತಿಕೆ ಅಂತ ನನಗನ್ನಿಸುತ್ತದೆ.

ಇನ್ನೊಂದು ತೊಡಕಿದೆ. ಒಂಬತ್ತು ಗಂಟೆಗೇ 'ಇಡ್ಲಿ ಖಾಲಿ' ಬೋರ್ಡ್ ಬಿದ್ದ ದಿನ, ಆಮೇಲೆ ಬಂದು ವಾಪಸ್ ಹೋದವರು ಯಾವ ಬಿಲ್ಲಿನಲ್ಲೂ ಇಲ್ಲ. ಒಂಬತ್ತರ ಮೇಲೆ ಯಾರಿಗೂ ಇಡ್ಲಿ ಬೇಡ ಅಂತ ಯಂತ್ರ ಕಲಿತುಬಿಡುತ್ತದೆ. ಭಟ್ಟರಿಗೆ ಆ ಮುಖಗಳು ನೆನಪಿರುತ್ತವೆ. ಯಂತ್ರಕ್ಕಾದರೆ ಬೋರ್ಡ್ ತಗುಲಿಸಿದ ಸಮಯವನ್ನು ಗಲ್ಲಾದಲ್ಲಿ ಕೂತವರು ದಿನಾ ಬರೆದುಕೊಡಬೇಕು.