ಜನಾಂಗ ಎಂದರೆ ಯಾವ ಜನಾಂಗ? ತಾರತಮ್ಯದ ಪಾಠಕ್ಕೆ ನನ್ನ ಟಿಪ್ಪಣಿ

ಈ ಪಾಠ ಓದಲು ಕುಳಿತ ಮೊದಲ ದಿನವೇ ನಮ್ಮ ಓದುಬಳಗ ಒಂದು ಪದಕ್ಕೆ ಎಡವಿ ಬಿತ್ತು. ಪುಸ್ತಕದಲ್ಲಿ ‘ಜನಾಂಗೀಯ ತಾರತಮ್ಯ’ ಎಂದಿದೆ. ಮಂಡ್ಯ ಸೀಮೆಯವನಾದ ನನಗೆ ಜನಾಂಗ ಎಂದರೆ, ಹೊಸಬರು ಮನೆಗೆ ಬಂದಾಗ ಅವರ ಕಾಫಿ ಲೋಟ ಖಾಲಿಯಾಗುವುದರೊಳಗೆ ಹಿರಿಯರು ಕೇಳಿ ಮುಗಿಸುವ ಪ್ರಶ್ನೆ: ‘ತಮ್ಮದು ಯಾವ ಜನಾಂಗ?’ ಸಮಾವೇಶಗಳ ಬ್ಯಾನರ್‌ಗಳಲ್ಲಿಯೂ ಈ ಪದಕ್ಕೆ ಅದೇ ಅರ್ಥ. ಹೋಗಲಿ, ‘ವರ್ಣಭೇದ’ ಎನ್ನೋಣವೆಂದರೆ ವರ್ಣ ಎಂದ ಕೂಡಲೇ ನಾಲ್ಕು ವರ್ಣಗಳು ಸಾಲಾಗಿ ಬಂದು ನಿಲ್ಲುತ್ತವೆ. ಮೈಬಣ್ಣ, ಮುಖಲಕ್ಷಣ ನೋಡಿ ಜನರನ್ನು ವಿಂಗಡಿಸುವ ಇಂಗ್ಲಿಷಿನ ‘ರೇಸ್’ ಎಂಬುದಕ್ಕೆ ನಾವು ಹುಡುಕಿಕೊಂಡ ಎರಡೂ ಪದಗಳಲ್ಲಿ ಜಾತಿ ಮೊದಲೇ ಟವೆಲ್ ಹಾಕಿ ಸೀಟು ಹಿಡಿದಿದೆ. ಸಂವಿಧಾನದ 15ನೇ ವಿಧಿಯನ್ನು ಕನ್ನಡದಲ್ಲಿ ಓದುವಾಗ ಸಿಗುವ ‘ಮೂಲವಂಶ’ ಎಂಬ ಪದವೇ ಇದ್ದುದರಲ್ಲಿ ಮೇಲು. ಇಲ್ಲಿ ಅದನ್ನೇ ಬಳಸುತ್ತೇನೆ.

ಇದು ಕನ್ನಡದ ತೊಡಕು ಮಾತ್ರ ಎಂದುಕೊಂಡಿದ್ದೆ. ವಿಶ್ವಸಂಸ್ಥೆಯೂ ಇಲ್ಲಿಯೇ ಎಡವಿದೆ. ಎಲ್ಲ ಬಗೆಯ ಮೂಲವಂಶ ತಾರತಮ್ಯವನ್ನು ತೊಡೆದುಹಾಕುವ ಅಂತರರಾಷ್ಟ್ರೀಯ ಒಪ್ಪಂದವನ್ನು ಸಾಮಾನ್ಯ ಸಭೆ 1965ರ ಡಿಸೆಂಬರ್ 21ರಂದು ಅಂಗೀಕರಿಸಿತು. ಭಾರತ 1968ರಲ್ಲಿ ಅದನ್ನು ಸ್ಥಿರೀಕರಿಸಿತು. ಒಪ್ಪಂದದ ಮೊದಲ ವಿಧಿಯಲ್ಲಿ ಮೂಲವಂಶ, ಮೈಬಣ್ಣ, ರಾಷ್ಟ್ರೀಯ ಅಥವಾ ಬುಡಕಟ್ಟು ಮೂಲ ಇವುಗಳ ಜೊತೆಗೆ ‘ಹುಟ್ಟಿದ ಕುಲ’ ಎಂಬ ಅರ್ಥದ ಪದವೂ ಇದೆ. ಆ ಪದದೊಳಗೆ ಜಾತಿ ಬರುತ್ತದೆಯೇ? ಬರುವುದಿಲ್ಲ ಎಂಬುದು ಭಾರತ ಸರ್ಕಾರದ ನಿಲುವು. ಮೂಲವಂಶ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆ ದಕ್ಷಿಣ ಆಫ್ರಿಕಾದಲ್ಲಿ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ಇದೇ ವಾದ ಕಾವೇರಿತು. ಬರುತ್ತದೆ ಎಂದು ಒಪ್ಪಂದದ ಉಸ್ತುವಾರಿ ಸಮಿತಿ 2002ರಲ್ಲಿ ಹೇಳಿತು. ಪರೀಕ್ಷೆಯಲ್ಲಿ ಎರಡೂ ನಿಲುವುಗಳನ್ನು ಬರೆಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಶಾಸ್ತ್ರದಲ್ಲಿ ಜಾತಿ, ಮೂಲವಂಶ ಎರಡೂ ಬೇರೆ ಬೇರೆ ಇರಬಹುದು, ಬಾಡಿಗೆ ಮನೆಯ ಹೊಸ್ತಿಲಲ್ಲಿ ಮಾತ್ರ ಜೊತೆಯಾಗಿಯೇ ನಿಂತಿರುತ್ತವೆ.

ಜೀವವಿಜ್ಞಾನದ ಭಾಗ ಚಿಕ್ಕದು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇಕಡ 85ರಷ್ಟು ಪಾಲು ಒಂದೇ ಜನಸಮೂಹದ ಒಳಗೇ ಇರುತ್ತದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೈಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದ ವಿಷಯ. ಬಿಸಿಲಿನ ಅತಿನೇರಳೆ ಕಿರಣ ಹೆಚ್ಚಿದ್ದ ಕಡೆ ಪೀಳಿಗೆಗಳ ಕಾಲ ಬಾಳಿದವರಿಗೆ ಕಪ್ಪು ಚರ್ಮ ರಕ್ಷಣೆಯಾಯಿತು. ಇಷ್ಟು ಬರೆದರೆ ಸಾಕು.

ಇನ್ನು ಗೊಂದಲವಾಗುವ ಮೂರು ಪದಗಳು: ಪಡಿಯಚ್ಚು, ಪೂರ್ವಗ್ರಹ, ತಾರತಮ್ಯ. ವ್ಯಾಖ್ಯೆಗಳನ್ನು ಉರು ಹೊಡೆದರೂ ನನಗೆ ಕಲೆಸಿಹೋಗುತ್ತಿದ್ದವು. ಕಳೆದ ವರ್ಷ ಮಿಜೋರಾಂನ ಸಹಪಾಠಿಯೊಬ್ಬನಿಗೆ ಕೋಣೆ ಹುಡುಕಲು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಸುತ್ತಮುತ್ತ ಅಲೆದ ಮೇಲೆ ಮರೆತಿಲ್ಲ. ಒಂದು ಮನೆಯ ಗೇಟಿಗೆ ‘ಬಾಡಿಗೆಗಿದೆ’ ಎಂಬ ರಟ್ಟನ್ನು ತಂತಿಯಿಂದ ಬಿಗಿದಿದ್ದರು. ಬೆಳಿಗ್ಗೆ ನಾನೊಬ್ಬನೇ ಹೋಗಿ ಕೇಳಿದಾಗ ಯಜಮಾನರು ಕೋಣೆ, ಬಚ್ಚಲು, ಬಟ್ಟೆ ಒಣಗಿಸುವ ತಾರಸಿ ಎಲ್ಲವನ್ನೂ ತೋರಿಸಿದರು. ಸಂಜೆ ಗೆಳೆಯನನ್ನು ಕರೆದುಕೊಂಡು ಹೋದೆ. ಅವರು ಅವನನ್ನು ಒಂದು ಮಾತೂ ಕೇಳಲಿಲ್ಲ. ನನ್ನತ್ತಲೇ ತಿರುಗಿ, ‘ಇವರೆಲ್ಲ ಒಣಮೀನು ಬೇಯಿಸುತ್ತಾರಲ್ಲವೇ? ರಾತ್ರಿಯೆಲ್ಲ ಗಲಾಟೆ ಬೇರೆ’ ಎಂದರು. ಆಮೇಲೆ ಏನೋ ನೆನಪಾದವರಂತೆ, ‘ಮಧ್ಯಾಹ್ನವೇ ಯಾರೋ ಮುಂಗಡ ಕೊಟ್ಟು ಹೋದರು’ ಎಂದರು. ಮರುವಾರ ಆ ದಾರಿಯಲ್ಲಿ ಬಂದಾಗ ರಟ್ಟು ಅಲ್ಲೇ ಇತ್ತು, ಮಳೆಗೆ ಅಕ್ಷರ ಸ್ವಲ್ಪ ಕದಡಿತ್ತು.

‘ಇವರೆಲ್ಲ’ ಎಂಬ ಮಾತು ಪಡಿಯಚ್ಚು: ಒಬ್ಬನ ಮುಖ ನೋಡಿ ಒಂದು ಗುಂಪಿನ ಚಿತ್ರವನ್ನು ಅವನ ಮೇಲೆ ಒತ್ತುವುದು. ಅವನ ಬಾಯಿಂದ ಒಂದು ಮಾತು ಹೊರಡುವ ಮೊದಲೇ ಮನಸ್ಸಿನಲ್ಲಿ ಎದ್ದ ಅಸಮಾಧಾನ ಪೂರ್ವಗ್ರಹ. ಕೋಣೆ ಸಿಗದೇ ಹೋದದ್ದು ತಾರತಮ್ಯ. ಮೊದಲಿನ ಎರಡು ತಲೆಯೊಳಗಿನ ಸಂಗತಿಗಳು, ಕಾನೂನಿನ ಕೈಗೆ ಸಿಗುವುದು ಮೂರನೆಯದು ಮಾತ್ರ. (ಗೆಳೆಯ ಒಣಮೀನು ಮುಟ್ಟುವುದಿಲ್ಲ. ಆದರೆ ಆ ದಿನ ಇದನ್ನು ಸಮರ್ಥನೆಯಂತೆ ಯಜಮಾನರಿಗೆ ಹೇಳಹೊರಟದ್ದಕ್ಕೆ ನನಗೆ ಈಗ ನಾಚಿಕೆಯಿದೆ. ತಿನ್ನುವವನಾಗಿದ್ದರೆ ಕೋಣೆ ಕೊಡದಿದ್ದುದು ಸರಿಯೆಂದು ಒಪ್ಪಿದಂತಾಗುತ್ತಿತ್ತು.)

ನಮ್ಮ ಬಣ್ಣದ ಲೆಕ್ಕಾಚಾರವೂ ವಿಚಿತ್ರ. ಮಂಡ್ಯದ ಹಳ್ಳಿಗಳಲ್ಲಿ ಕರಿಯಪ್ಪ, ಕಾಳೇಗೌಡ, ಕಾಳಮ್ಮ ಎಂಬ ಹೆಸರುಗಳಿಗೆ ಬರವಿಲ್ಲ. ಮೈಸೂರಿನ ಶಿಲ್ಪಿಗಳು ದೇವರನ್ನು ಕಡೆಯುವುದು ಕೃಷ್ಣಶಿಲೆಯಲ್ಲಿ, ಕಪ್ಪು ಎಷ್ಟು ಅಚ್ಚಾಗಿದ್ದರೆ ಅಷ್ಟು ಶ್ರೇಷ್ಠ. ಅದೇ ಮನೆಗಳಲ್ಲಿ ಹೆಣ್ಣು ನೋಡಿ ಬಂದವರು ಮೆಟ್ಟಿಲು ಇಳಿಯುವಾಗ ‘ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಕಡಿಮೆ’ ಎನ್ನುತ್ತಾರೆ. ನನ್ನಜ್ಜಿ ನನ್ನನ್ನು ‘ಕರಿಯ’ ಎಂದು ಕರೆದಾಗ ಅದು ಮುದ್ದು. ಆಫ್ರಿಕಾದಿಂದ ಓದಲು ಬಂದ ಯುವಕನ ಬೆನ್ನ ಹಿಂದೆ ಅದೇ ಪದ ಬಸ್ಸಿನಲ್ಲಿ ಹಾರಿದಾಗ ಅದು ಮುದ್ದಲ್ಲ. ಪದ ಒಂದೇ. ಆದರೆ ಅಜ್ಜಿಗೆ ನಾನು ಎದುರು ಮಾತಾಡಬಲ್ಲೆ, ಅವನಿಗೆ ಭಾಷೆಯೂ ಗೊತ್ತಿಲ್ಲ, ಅವನ ಪರವಾಗಿ ನಿಲ್ಲುವವರೂ ಆ ಬಸ್ಸಿನಲ್ಲಿಲ್ಲ.

ಕಾನೂನಿಗೆ ಬರೋಣ. 2020ರ ಮಾರ್ಚ್‌ನಲ್ಲಿ, ಕೊರೊನಾ ಲಾಕ್‌ಡೌನ್ ಶುರುವಾದ ಹೊಸತರಲ್ಲಿ, ಮೈಸೂರಿನ ಒಂದು ಸೂಪರ್ ಮಾರ್ಕೆಟ್ ನಾಗಾಲ್ಯಾಂಡ್‌ನ ಇಬ್ಬರು ಯುವಕರನ್ನು ಒಳಗೆ ಬಿಡಲಿಲ್ಲ. ಆಧಾರ್ ಕಾರ್ಡ್ ತೋರಿಸಿದರೂ ಅವರನ್ನು ಭಾರತೀಯರೆಂದು ನಂಬಲಿಲ್ಲ. ವಿಡಿಯೊ ಹರಡಿತು, ಪೊಲೀಸ್ ಪ್ರಕರಣ ದಾಖಲಾಯಿತು. 15ನೇ ವಿಧಿಯ 2ನೇ ಖಂಡವನ್ನು ನೆನಪಿಡಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಮೂಲವಂಶ, ಜಾತಿ ಮೊದಲಾದ ಕಾರಣಗಳಿಂದ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಿಂದ ಯಾವ ನಾಗರಿಕನನ್ನೂ ದೂರ ಇಡುವಂತಿಲ್ಲ ಎನ್ನುತ್ತದೆ ಅದು. ಸರ್ಕಾರಕ್ಕೆ ಮಾತ್ರವಲ್ಲ, ಅಂಗಡಿಯವನಿಗೂ ಅನ್ವಯಿಸುವ ಖಂಡ ಇದು.

‘ನಾಗರಿಕ’ ಎಂಬ ಪದಕ್ಕೆ ಗೆರೆ ಎಳೆಯಿರಿ, ಪ್ರಶ್ನೆ ಬರುವುದು ಅಲ್ಲಿಯೇ. ನಾಗಾಲ್ಯಾಂಡ್‌ನ ಯುವಕನಿಗೆ 15ನೇ ವಿಧಿಯ ರಕ್ಷಣೆ ಇದೆ, ತಾಂಜಾನಿಯಾದ ವಿದ್ಯಾರ್ಥಿನಿಗೆ ಇಲ್ಲ. ಹಾಗಾದರೆ ಅವಳಿಗೆ ಏನೂ ಇಲ್ಲವೇ? ಇದೆ. 14 ಮತ್ತು 21ನೇ ವಿಧಿಗಳು ‘ನಾಗರಿಕ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತವೆ. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಬಳಿಕ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಮೂಲವಂಶ ಹಿಡಿದು ಮಾಡುವ ನಿಂದನೆಗೆ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಮು ಬೇಕೆಂದು ಆ ಸಮಿತಿ ಶಿಫಾರಸು ಮಾಡಿತ್ತು.

ಕೊನೆಯ ಪ್ರಶ್ನೆ ಸಾಮಾನ್ಯವಾಗಿ ಹತ್ತು ಅಂಕದ್ದು: ಮುಕ್ತ ಮನೋಭಾವ ಬೆಳೆಸುವುದು ಹೇಗೆ? ಎಲ್ಲರೂ ‘ಅರಿವು ಮೂಡಿಸಬೇಕು’ ಎಂದು ಬರೆದು, ಕೊನೆಗೊಂದು ವಚನ ಅಂಟಿಸುತ್ತಾರೆ. ಅದರ ಬದಲು ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಮುಂದಿಟ್ಟ ಸಂಪರ್ಕ ಸಿದ್ಧಾಂತವನ್ನು ಬರೆಯಿರಿ. ಬರಿದೇ ಎದುರುಬದುರಾದರೆ ಪೂರ್ವಗ್ರಹ ಕರಗುವುದಿಲ್ಲ. ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದಾಗಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಇದಕ್ಕೆ ಕಾನೂನಿನ ಅಥವಾ ಹಿರಿಯರ ಬೆಂಬಲವೂ ಬೇಕು.

ಬೈಲಕುಪ್ಪೆಯನ್ನೇ ತೆಗೆದುಕೊಳ್ಳಿ. ಪಿರಿಯಾಪಟ್ಟಣ ತಾಲ್ಲೂಕಿನ ಈ ಟಿಬೆಟನ್ ನೆಲೆ 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಎದ್ದದ್ದು. ಪಿಯುಸಿಯಲ್ಲಿದ್ದಾಗ ನಾವು ಪ್ರವಾಸ ಹೋಗಿ, ಸ್ವರ್ಣಮಂದಿರದ ಅಂಗಳದಲ್ಲಿ ಸಿಕ್ಕ ಬಾಲಸನ್ಯಾಸಿಯನ್ನು ಕೇಳದೆಯೇ ನಡುವೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡೆವು. ಅವನು ನಗಲಿಲ್ಲ. ನಮಗೆ ಅವನ ಹೆಸರೂ ಬೇಕಿರಲಿಲ್ಲ. ಇದು ಸಂಪರ್ಕವಲ್ಲ, ಪ್ರದರ್ಶನ. ಅದೇ ಊರಿನ ಪಕ್ಕದ ರೈತರೊಬ್ಬರು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು, ಟಿಬೆಟನ್ ನೆರೆಯವನ ಬಗ್ಗೆ ಕುಶಾಲನಗರದವರೆಗೂ ದೂರಿದರು: ಮುಸುಕಿನ ಜೋಳಕ್ಕೆ ಟ್ರ್ಯಾಕ್ಟರ್ ಕೊಡುತ್ತೇನೆಂದು ಹೇಳಿ ಎರಡು ದಿನ ತಡ ಮಾಡಿದನಂತೆ, ಬೇಲಿಯನ್ನು ಒಂದು ಮೊಳ ಈಚೆಗೆ ಹಾಕಿದ್ದಾನಂತೆ. ಬೈಗುಳದಲ್ಲಿ ಅವನ ಕಣ್ಣು, ಮೂಗು, ದೇಶ ಯಾವುದೂ ಬರಲಿಲ್ಲ, ಅವನ ಹೆಸರು ಮಾತ್ರ ಬಂತು. ಆಲ್‌ಪೋರ್ಟ್ ಹೇಳಿದ ಸಮಾನ ಸ್ಥಾನ ನನಗೆ ಅರ್ಥವಾದದ್ದು ಆ ಬಸ್ಸಿನಲ್ಲಿ.

ಗೆಳೆಯನಿಗೆ ಕೊನೆಗೆ ಬೋಗಾದಿಯಲ್ಲಿ ಕೋಣೆ ಸಿಕ್ಕಿತು. ಮನೆಯೊಡತಿ ವಯಸ್ಸಾದವರು. ಅವನನ್ನೇ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬೆಳಿಗ್ಗೆ ಐದಕ್ಕೆ ಎದ್ದು ಹಿಡಿಯುತ್ತೀಯಾ?’ ಹಿಡಿಯುತ್ತೇನೆ ಎಂದು ಇವನು ಒಪ್ಪಿಕೊಂಡ. ಈವರೆಗೆ ಒಂದು ದಿನವೂ ಎದ್ದಿಲ್ಲ. ಅದಕ್ಕಾಗಿ ಇಬ್ಬರಿಗೂ ವಾರಕ್ಕೆ ಮೂರು ಜಗಳ.