ಎರಡೂ ಚಕ್ರ ದುಡಿಯುವ ಬೈಕ್ ಎಲ್ಲಿ ಗೆದ್ದಿತು, ಎಲ್ಲಿ ನಿಂತಿತು

ದ್ವಿಚಕ್ರ ವಾಹನ ಅನ್ನುತ್ತೇವೆ, ಆದರೆ ನಮ್ಮ ಬೈಕುಗಳಲ್ಲಿ ದುಡಿಯುವುದು ಒಂದೇ ಚಕ್ರ. ಎಂಜಿನ್ನಿನ ಬಲವೆಲ್ಲ ಚೈನ್ ಹಿಡಿದು ಹಿಂದಕ್ಕೆ ಹೋಗುತ್ತದೆ. ಮುಂದಿನ ಚಕ್ರದ ಪಾಲಿಗೆ ದಾರಿ ತೋರಿಸುವುದು, ಬ್ರೇಕ್ ಹಿಡಿದಾಗ ಭಾರ ಹೊರುವುದು ಇಷ್ಟೇ. ಮಳೆಗೆ ನೆನೆದ ಜೇಡಿಮಣ್ಣಿನ ಏರಿನಲ್ಲಿ ಸಿಕ್ಕಿಕೊಂಡವರಿಗೆ ಇದರ ಕಷ್ಟ ಗೊತ್ತು. ಎಕ್ಸಲೇಟರ್ ತಿರುವಿದಷ್ಟೂ ಹಿಂದಿನ ಟೈರ್ ಗುಂಡಿ ತೋಡುತ್ತದೆ, ಮುಂದಿನದು ಸುಮ್ಮನೆ ನಿಂತಿರುತ್ತದೆ.

ಮೋಟಾರ್‌ಸೈಕಲ್ಲಿನ ಮೊದಲ ದಿನಗಳಲ್ಲಿ ಮುಂದಿನ ಚಕ್ರಕ್ಕೇ ಬಲ ಕೊಟ್ಟವರಿದ್ದರು. 1897ರಲ್ಲಿ ಪ್ಯಾರಿಸ್‌ನಲ್ಲಿ ವರ್ನರ್ ಸಹೋದರರು ಸೈಕಲ್ಲಿನ ಮುಂದಿನ ಚಕ್ರದ ಮೇಲೆ ಎಂಜಿನ್ ಕೂರಿಸಿ ಬೆಲ್ಟ್‌ನಿಂದ ಅದನ್ನು ಓಡಿಸಿದರು. ಭಾರವೆಲ್ಲ ಮೇಲೇ ಇದ್ದುದರಿಂದ ಒದ್ದೆ ರಸ್ತೆಯಲ್ಲಿ ಅದು ಜಾರುತ್ತಿತ್ತು. 1901ರ ಹೊತ್ತಿಗೆ ಎಂಜಿನ್ನನ್ನು ಪೆಡಲ್ ಇರುವ ಜಾಗಕ್ಕೆ ಇಳಿಸಿ ಬಲವನ್ನು ಹಿಂದಕ್ಕೆ ತಿರುಗಿಸಿದರು. ಇಂದಿನ ಬೈಕಿನ ರೂಪ ಬಹುಪಾಲು ಅಲ್ಲೇ ನಿಂತಿತು. 1920ರ ದಶಕದಲ್ಲಿ ಮ್ಯೂನಿಕ್‌ನ ಮೆಗೋಲಾ ಕಂಪನಿ ಐದು ಸಿಲಿಂಡರಿನ ಎಂಜಿನ್ನನ್ನು ಮುಂದಿನ ಚಕ್ರದ ಒಳಗೇ ಇಟ್ಟು ರೇಸ್ ಗೆದ್ದರೂ ಆ ದಾರಿ ಹಿಡಿದವರು ಹೆಚ್ಚಿಲ್ಲ.

ಎರಡೂ ಚಕ್ರಕ್ಕೆ ಬಲ ಕೊಡುವುದು ಇನ್ನೂ ಕಷ್ಟದ ಕೆಲಸ. ಮುಂದಿನ ಚಕ್ರ ಹ್ಯಾಂಡಲ್ ಜೊತೆ ತಿರುಗುತ್ತದೆ, ಅದನ್ನು ಹಿಡಿದ ಕವೆ, ಅಂದರೆ ಫೋರ್ಕ್ ಜೊತೆ ಮೇಲೆ ಕೆಳಗೆ ಆಡುತ್ತದೆ. ಅಲ್ಲಿಗೆ ಚೈನ್ ಒಯ್ಯುವುದು ಹೇಗೆ? ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ವೃತ್ತದಲ್ಲಿ ಸಾಗುವುದರಿಂದ ಅದಕ್ಕೆ ಸ್ವಲ್ಪ ಹೆಚ್ಚು ವೇಗವೂ ಬೇಕು. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಬೈಕ್ ತಿರುಗುವುದಕ್ಕೇ ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಬಿಎಂಡಬ್ಲ್ಯು ಆರ್75 ಈ ತೊಡಕನ್ನು ತಪ್ಪಿಸಿಕೊಂಡು ಹೋಯಿತು. ಅದರಲ್ಲಿ ಹಿಂದಿನ ಚಕ್ರದ ಜೊತೆಗೆ ದುಡಿದದ್ದು ಪಕ್ಕದ ಸೈಡ್‌ಕಾರಿನ ಚಕ್ರ. ರಷ್ಯಾದ ಉರಾಲ್ ಬೈಕುಗಳಲ್ಲೂ ಅದೇ ಉಪಾಯ ಬಂತು.

ನಿಜವಾದ ಉತ್ತರ ಸಿಕ್ಕಿದ್ದು ಅಮೆರಿಕದಲ್ಲಿ. 1958ರಲ್ಲಿ ಚಾರ್ಲಿ ಫೆನ್ ಎಂಬಾತ ಕಾಡುದಾರಿಗೆಂದು ಕಟ್ಟಿದ ಟ್ರೇಲ್ ಬ್ರೇಕರ್ ಮುಂದೆ ರೋಕಾನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಟ್ರ್ಯಾಕ್ಟರಿನದರಂಥ ದಪ್ಪ ಟೈರ್, ಕಡಿಮೆ ಗಾಳಿ, ಕಡಿಮೆ ವೇಗ. ಅದರ ಚಕ್ರಗಳು ಡ್ರಮ್ಮಿನಂತೆ ಟೊಳ್ಳು. ಒಳಗೆ ಪೆಟ್ರೋಲನ್ನೋ ನೀರನ್ನೋ ತುಂಬಿಕೊಂಡು ಹೋಗಬಹುದು, ಖಾಲಿ ಬಿಟ್ಟರೆ ಬೈಕ್ ಹೊಳೆಯಲ್ಲಿ ತೇಲುತ್ತದೆ. ವೇಗದ ಆಸೆ ಬಿಟ್ಟಿದ್ದರಿಂದಲೇ ರೋಕಾನ್ ಇಷ್ಟು ವರ್ಷ ಬದುಕಿತು ಎಂಬುದು ನನ್ನ ಅನಿಸಿಕೆ. ಅದೇ ದೇಶದ ಕ್ರಿಸ್ಟಿನಿ ಕಂಪನಿ ಫೋರ್ಕಿನ ತಲೆಯ ಮೂಲಕ ಚೈನ್, ಶಾಫ್ಟುಗಳನ್ನು ಹಾಯಿಸಿ ಆಫ್-ರೋಡ್ ಬೈಕುಗಳಿಗೆ ಇದನ್ನು ತಂದಿತು. ಅಲ್ಲಿ ಮುಂದಿನ ಚಕ್ರಕ್ಕೆ ಹೋಗುವ ವೇಗವನ್ನು ಬೇಕೆಂದೇ ಸುಮಾರು 20% ಕಡಿಮೆ ಇಟ್ಟಿದ್ದಾರೆ. ನೆಲ ಗಟ್ಟಿಯಿದ್ದರೆ ಮುಂದಿನ ಚಕ್ರ ತನ್ನಷ್ಟಕ್ಕೆ ಉರುಳುತ್ತದೆ. ಹಿಂದಿನದು ಜಾರಿದಾಗ ಮಾತ್ರ ಮುಂದಿನದು ಎಳೆಯಲು ಶುರು ಮಾಡುತ್ತದೆ.

ಎಲ್ಲಕ್ಕಿಂತ ಜಾಣ ಉತ್ತರ ಸ್ವೀಡನ್ನಿನ ಶಾಕ್ ಅಬ್ಸಾರ್ಬರ್ ತಯಾರಕ ಓಲಿನ್ಸ್‌ನದು. ಆಗ ಈ ಕಂಪನಿ ಯಮಾಹಾ ಒಡೆತನದಲ್ಲಿತ್ತು. ಅವರು ಮುಂದಕ್ಕೆ ಚೈನಿನ ಬದಲು ಎಣ್ಣೆ ಹಾಯಿಸಿದರು. ಗೇರ್‌ಬಾಕ್ಸಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲುಚಕ್ರ) ಬಳಿ ಒಂದು ಹೈಡ್ರಾಲಿಕ್ ಪಂಪ್, ಮುಂದಿನ ಚಕ್ರದ ನಡುವಿನ ಹಬ್ಬಿನಲ್ಲಿ ಒಂದು ಪುಟ್ಟ ಹೈಡ್ರಾಲಿಕ್ ಮೋಟಾರ್, ನಡುವೆ ಬ್ರೇಕಿನ ಪೈಪಿನಂತೆ ಬಾಗುವ ಪೈಪುಗಳು. ಎರಡೂ ಚಕ್ರ ಸಮನಾಗಿ ಉರುಳುವಾಗ ಎಣ್ಣೆಯ ಒತ್ತಡ ಅತ್ಯಲ್ಪ. ಹಿಂದಿನದು ಜಾರಿ ವೇಗವಾಗಿ ಸುತ್ತಿದೊಡನೆ ಪಂಪ್ ಹೆಚ್ಚು ಎಣ್ಣೆ ನೂಕುತ್ತದೆ, ಮುಂದಿನ ಚಕ್ರ ಎಳೆಯುತ್ತದೆ. ಕಂಪ್ಯೂಟರ್ ಬೇಡ, ಸವಾರ ಒತ್ತಬೇಕಾದ ಸ್ವಿಚ್ಚೂ ಬೇಡ.

ಮರುಭೂಮಿ ದಾಟುವ 2004ರ ಡಕಾರ್ ರ್‍ಯಾಲಿಯಲ್ಲಿ ಫ್ರಾನ್ಸಿನ ದಾವಿದ್ ಫ್ರೆಟಿನ್ಯೆ ಈ 2-ಟ್ರಾಕ್ ವ್ಯವಸ್ಥೆಯ ಯಮಾಹಾ ಡಬ್ಲ್ಯುಆರ್450ಎಫ್ ಏರಿ 450 ಸಿಸಿ ವರ್ಗ ಗೆದ್ದ. ಒಟ್ಟಾರೆ ಸ್ಥಾನ 7. ಆ ವರ್ಷ ಮೊದಲು ಬಂದ ನಾನಿ ರೋಮಾ ಓಡಿಸಿದ್ದು 660 ಸಿಸಿ ಕೆಟಿಎಂ ಎಂಬುದನ್ನು ನೆನೆದರೆ ಆ ಏಳನೇ ಸ್ಥಾನದ ತೂಕ ತಿಳಿಯುತ್ತದೆ. ಮರಳಿನಲ್ಲಿ ಹೂತುಹೋಗದ ಬೈಕ್ ಸವಾರನ ತೋಳಿನ ಶಕ್ತಿಯನ್ನೂ ಉಳಿಸುತ್ತದೆ. ಯಮಾಹಾ ಯುರೋಪಿನಲ್ಲಿ ಅದನ್ನು ಸೀಮಿತ ಸಂಖ್ಯೆಯಲ್ಲಿ ಮಾರಿತು. ಆದರೂ ಡಕಾರ್ ಮತ್ತೆ ಹಿಂಚಕ್ರದ ಬೈಕುಗಳದ್ದೇ ಆಯಿತು. 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯ ಎನಿಸಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಏರಿದ್ದೂ ಅಂಥ ಬೈಕನ್ನೇ.

ಹಾಗಾದರೆ ರೇಸ್ ಟ್ರ್ಯಾಕಿನಲ್ಲಿ? ಇದೇ ವ್ಯವಸ್ಥೆಯನ್ನು ಆರ್1 ಸೂಪರ್‌ಬೈಕಿಗೆ ಹಾಕಿ ಪರೀಕ್ಷಿಸಿದ್ದೂ ಉಂಟು. ಅದು ಅಲ್ಲಿ ಏಕೆ ನೆಲೆಯೂರಲಿಲ್ಲ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಸವಾರ ಕೂತಾಗ ಭಾರ ಎರಡೂ ಚಕ್ರದ ಮೇಲೆ ಅರ್ಧರ್ಧ ಇದೆ, ಭಾರಕೇಂದ್ರದ ಎತ್ತರ ಎರಡು ಚಕ್ರಗಳ ನಡುವಿನ ದೂರದ ಅರ್ಧದಷ್ಟಿದೆ ಎಂದುಕೊಳ್ಳಿ. ಒಣ ಡಾಂಬರಿನಲ್ಲಿ ಬಲವಾಗಿ ಎಳೆದಂತೆ ಭಾರ ಹಿಂದಕ್ಕೆ ಸರಿಯುತ್ತ ಹೋಗಿ, ವೇಗೋತ್ಕರ್ಷ 1 ಜಿ (ಕೈಬಿಟ್ಟ ಕಲ್ಲು ಬೀಳುವಾಗಿನ ವೇಗೋತ್ಕರ್ಷ) ಮುಟ್ಟಿದಾಗ ಮುಂದಿನ ಚಕ್ರ ನೆಲ ಬಿಡುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬಲ ಕೊಟ್ಟು ಫಲವೇನು?

ಒದ್ದೆ ನೆಲದಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. ಘರ್ಷಣೆಯ ಗುಣಾಂಕ, ಅಂದರೆ ಟೈರಿನ ಮೇಲಿನ ಭಾರಕ್ಕೆ ಹೋಲಿಸಿದರೆ ಸಿಗುವ ಹಿಡಿತ, 0.4 ಇದ್ದರೆ ಹಿಂಚಕ್ರ ಒಂದೇ ಎಳೆಯುವಾಗ 0.25 ಜಿ ದಾಟಲಾಗದು. ಎರಡೂ ಎಳೆದರೆ 0.4 ಜಿ ವರೆಗೆ ಹೋಗಬಹುದು. ಅಂದರೆ 60% ಹೆಚ್ಚು. ಇದು ಸಣ್ಣ ಲಾಭವಲ್ಲ.

ಆದರೆ ಬಾಗಿ ತಿರುಗುವಾಗ ಮುಂದಿನ ಟೈರ್ ತನ್ನ ಹಿಡಿತದ ಬಹುಪಾಲನ್ನು ಬೈಕನ್ನು ತಿರುಗಿಸುವುದಕ್ಕೇ ಖರ್ಚು ಮಾಡಿರುತ್ತದೆ. ಎಳೆಯುವ ಕೆಲಸವನ್ನೂ ಹೊರಿಸಿದರೆ ಮಿಗುವ ಹಿಡಿತ ಅಷ್ಟು ಕಡಿಮೆ. ಹಿಂದಿನದು ಜಾರಿದರೆ ಅನುಭವಿ ಸವಾರ ಸಂಭಾಳಿಸಬಲ್ಲ, ಮುಂದಿನದು ಜಾರಿದರೆ ಹೆಚ್ಚಿನಂಶ ಬಿದ್ದಂತೆಯೇ.

ಅಷ್ಟರಲ್ಲಿ ಎಲೆಕ್ಟ್ರಾನಿಕ್ಸ್ ಬಂತು. 2008ರ ಡುಕಾಟಿ 1098ಆರ್, ಅದರ ಬೆನ್ನಿಗೇ ಬಿಎಂಡಬ್ಲ್ಯು ಎಸ್1000ಆರ್‌ಆರ್ ಟ್ರಾಕ್ಷನ್ ಕಂಟ್ರೋಲ್ ಹೊತ್ತು ರಸ್ತೆಗಿಳಿದವು. ಹೆಚ್ಚುವರಿ ಯಂತ್ರದ ಭಾರವಿಲ್ಲದೆ ಜಾರುವಿಕೆ ಹತೋಟಿಗೆ ಬಂತು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಟ್ರಾಕ್ಷನ್ ಕಂಟ್ರೋಲ್ ಎಂಜಿನ್ನಿನ ಬಲವನ್ನು ಕತ್ತರಿಸುತ್ತದೆ, ಎರಡು ಚಕ್ರದ ವ್ಯವಸ್ಥೆ ಅದನ್ನು ಹಂಚುತ್ತದೆ. ಕೆಸರಿನ ಏರಿನಲ್ಲಿ ಬಲ ಕತ್ತರಿಸಿದರೆ ಬೈಕ್ ಜಾರುವುದಿಲ್ಲ ನಿಜ, ಮೇಲೆ ಹತ್ತುವುದೂ ಇಲ್ಲ.

ಹಳೆಯ ತೊಡಕುಗಳಲ್ಲಿ ದೊಡ್ಡದನ್ನು ಈಗ ವಿದ್ಯುತ್ ಮೋಟಾರ್ ಬಿಡಿಸಿದೆ. ಮುಂದಿನ ಹಬ್ಬಿನಲ್ಲೇ ಮೋಟಾರ್ ಇಟ್ಟರೆ ಹ್ಯಾಂಡಲ್ ದಾಟಿ ಹೋಗಬೇಕಾದದ್ದು ತಂತಿ ಮಾತ್ರ. ನ್ಯೂಜಿಲೆಂಡಿನ ಯುಬ್ಕೋ ಹೊಲಗದ್ದೆಗಳಿಗೆಂದು ತಂದ ಬೈಕಿನಲ್ಲಿ ಎರಡೂ ಹಬ್ಬಿಗೆ ಒಂದೊಂದು ಮೋಟಾರಿದೆ. ಚಕ್ರ ಭಾರವಾದರೆ ಗುಂಡಿಗಳಲ್ಲಿ ಸಸ್ಪೆನ್ಷನ್ ಒದ್ದಾಡುತ್ತದೆ, ಆದ್ದರಿಂದ ಇದು ವೇಗದ ಬೈಕುಗಳಿಗೆ ಇನ್ನೂ ಸಲೀಸಲ್ಲ. ಆದರೆ ಮುಂದಿನ ಮೋಟಾರಿಗೆ ಇನ್ನೊಂದು ಕೆಲಸವಿದೆ, ನನಗೆ ಹೆಚ್ಚು ಭರವಸೆ ಇರುವುದೂ ಅದರ ಮೇಲೇ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಟೈರ್ ನೆಲವನ್ನು ಸವರುವಂತಿರುತ್ತದೆ. ಹಾಗಾಗಿ ಹಿಂದಿನ ಮೋಟಾರ್ ಬ್ಯಾಟರಿಗೆ ಮರಳಿಸುವ ಶಕ್ತಿ ಅಲ್ಪ, ಮುಂದಿನದಕ್ಕೆ ಸಿಗುವುದು ಬಹಳ. ಫಾರ್ಮುಲಾ ಇ ಎಂಬ ವಿದ್ಯುತ್ ರೇಸಿನ ಕಾರುಗಳಿಗೆ 2023ರಲ್ಲಿ ಮುಂಭಾಗದ ಮೋಟಾರ್ ಬಂದದ್ದು ಈ ಮರಳಿಕೆಗೆಂದೇ. ಆ ಕಾರಿನ ಸುಧಾರಿತ ರೂಪದಲ್ಲಿ ಅದೇ ಮೋಟಾರ್ ರೇಸ್ ಶುರುವಾಗುವ ಕ್ಷಣದಲ್ಲಿ ಮುಂದಿನ ಚಕ್ರಗಳನ್ನು ಎಳೆಯಲೂ ತೊಡಗಿತು.